ಎಂಟು ಸೀಟಿನ ಮಧುಚಂದ್ರ

ಶೇರ್ ವ್ಯಾನುಗಳ ನಿಲ್ದಾಣದಲ್ಲಿ ಅವನನ್ನು ಎಲ್ಲರೂ ಸೀಟಣ್ಣ ಎನ್ನುತ್ತಿದ್ದರು. ವ್ಯಾನಿಗೆ ಜನ ತುಂಬಿಸುವುದೇ ಅವನ ಕಸುಬು. "ಇನ್ನೊಂದೇ ಸೀಟು, ಬನ್ನಿ ಬನ್ನಿ" ಎಂದು ಹದಿನಾಲ್ಕು ವರ್ಷ ಕೂಗಿ ಗಂಟಲು ಒಡೆದುಹೋಗಿತ್ತು. ಖಾಲಿ ಸೀಟು ಕಂಡರೆ ಅವನಿಗೆ ಸಹಿಸುತ್ತಿರಲಿಲ್ಲ.

ಇಂಥವನಿಗೆ ಮದುವೆಯಾಗಿ ಇಪ್ಪತ್ತು ದಿನವಾಗಿತ್ತು. ಹೆಂಡತಿಯೊಡನೆ ಇಪ್ಪತ್ತು ಮಾತಾಗಿರಲಿಲ್ಲ. ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು. ಇನ್ನೊಂದಕ್ಕೆ ನಡುವೆ ಪರದೆ. ಆಚೆ ಅಮ್ಮ, ಚಿಕ್ಕಮ್ಮ, ಈಚೆ ಹೊಸ ಜೋಡಿ. ಇವನು ಪಿಸುಗುಟ್ಟಿದರೂ ಸಾಕು, ಚಿಕ್ಕಮ್ಮ ಆಚೆಯಿಂದ "ಏನಂದೆ?" ಎನ್ನುವಳು. ಕೂಗಿಯೇ ಬದುಕಿದವನಿಗೆ ಪಿಸುಮಾತು ಬರುವುದಾದರೂ ಹೇಗೆ? ಅವಳು ತನ್ನನ್ನು ಮೆಚ್ಚಿ ಬಂದಳೋ, ಮನೆಯವರ ಒತ್ತಾಯಕ್ಕೆ ಬಂದಳೋ, ಅದೊಂದನ್ನು ಅವನಿಗೆ ಕೇಳಲೇಬೇಕಿತ್ತು. ಚಿಕ್ಕಮ್ಮನ ಕಿವಿಯ ಪಕ್ಕದಲ್ಲಿ ಅದನ್ನು ಕೇಳಲಾದೀತೇ?

ಅದಕ್ಕೇ ಅಭಯಾರಣ್ಯಕ್ಕೆ ಹೋಗುವುದೆಂದು ನಿಶ್ಚಯಿಸಿದ. ಎರಡು ದಿನ, ಕಾಡಿನ ನಡುವಿನ ಬಂಗಲೆ. ಮನೆ ಬಾಗಿಲಿಗೇ ಬರುವ ಬಂಗಲೆಯವರ ಜೀಪನ್ನು ಇಡಿಯಾಗಿ ಕಾದಿರಿಸಬೇಕು. ಪರವಾನಗಿ ಇವನ ಹೆಸರಿನಲ್ಲಿ; ಇವನಿಲ್ಲದೆ ಗೇಟು ತೆರೆಯುವುದಿಲ್ಲ. ಸುದ್ದಿ ಕೇಳಿದ ಸಂಜೆ ಬಟ್ಟೆ ಮಡಚುತ್ತ ಹೆಂಡತಿ ಏನೋ ಗುನುಗಿದಳು. ಇವನಿಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅಮ್ಮ ಕೇಳಿದಳು, "ಜೀಪು ಎಷ್ಟು ದೊಡ್ಡದೋ?"

"ಡ್ರೈವರ್ ಬಿಟ್ಟು ಎಂಟು ಸೀಟು. ಆರು ಖಾಲಿ" ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕಮ್ಮ ಆಗಲೇ ಬೆರಳು ಮಡಚುತ್ತಿದ್ದಳು. "ನಾನು, ಅಕ್ಕ, ದೊಡ್ಡವನು, ಅವನ ಹೆಂಡ್ತಿ, ಮಕ್ಕಳಿಬ್ರು. ಸರಿಯಾಗಿ ಆರು ನೋಡು. ಸುಮ್ನೆ ಖಾಲಿ ಯಾಕೆ ಹೋಗ್ಬೇಕು?"

ದಿನವೂ ಡ್ರೈವರುಗಳಿಗೆ ಇವನೇ ಹೇಳುವ ಮಾತದು.

ಹೊರಡುವ ಬೆಳಗ್ಗೆ ಎಲ್ಲರೂ ಜೀಪು ಹತ್ತಿ ಕೂತ ಮೇಲೆ ಸೋದರತ್ತೆ ಚೀಲ ಹಿಡಿದು ಬಂದಳು. "ನಾನು ಜನ್ಮದಲ್ಲಿ ಹುಲಿ ನೋಡಿಲ್ಲಪ್ಪ" ಎಂದಳು. ಡ್ರೈವರ್ ತಲೆಯಾಡಿಸಿದ. "ಎಂಟೇ ಜನ. ಒಬ್ರು ಜಾಸ್ತಿ ಆದ್ರೂ ಗೇಟಿಂದ ವಾಪಸ್ ಕಳಿಸ್ತಾರೆ."

ಹತ್ತು ಸೀಟಿಗೆ ಹದಿಮೂರು ಜನರನ್ನು ತುರುಕಿದ ಮಹಾನುಭಾವನ ವಿದ್ಯೆ ಇಲ್ಲಿ ನಡೆಯಲಿಲ್ಲ. ಯಾರೂ ಕದಲಲಿಲ್ಲ. ಕೊನೆಗೆ ಹೆಂಡತಿಯೇ ಇಳಿದಳು. "ದೊಡ್ಡೋರು ಹೋಗ್ಬನ್ನಿ. ನಾನು ಮನೇಲಿರ್ತೀನಿ."

"ಒಳ್ಳೇ ಹುಡುಗಿ" ಎಂದಳು ಅಮ್ಮ. ಸೋದರತ್ತೆ ಆ ಜಾಗದಲ್ಲಿ ಕೂತೂ ಆಯಿತು.

"ನಾನೂ ಇಳೀತೀನಿ" ಎಂದು ಇವನು ಎದ್ದ.

"ನೀನಿಳಿದ್ರೆ ಅಲ್ಲಿ ಗೇಟ್ ತೆಗೀತಾರೇನೋ?" ಎಂದ ಅಣ್ಣ. ಮಕ್ಕಳ ಮುಖ ಅಳುವಂತಾಯಿತು. ಇವನು ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಂಥ ಮಧುಚಂದ್ರ ಶತ್ರುವಿಗೂ ಬೇಡ.

ಅವಳು ಕಿಟಕಿಯ ಬಳಿ ಬಂದಳು. "ರೀ, ನೀವೂ ಇಲ್ಲೇ ಇರೋ ಹಾಗಿದ್ರೆ ಚೆನ್ನಾಗಿತ್ತು" ಎಂದಳು, ತೀರಾ ಮೆಲ್ಲಗೆ.

ಕೇಳದೆಯೇ ಉತ್ತರ ಸಿಕ್ಕಿತ್ತು. ಏನಾದರೂ ಹೇಳಲೆಂದು ಬಾಯಿ ತೆರೆದ. ಜೀಪಿನಲ್ಲಿದ್ದ ಏಳೂ ಮಂದಿ ಮಾತು ನಿಲ್ಲಿಸಿ ಅವನತ್ತ ತಿರುಗಿದ್ದರು.

"ಬಾಗಿಲು ಭದ್ರ" ಎಂದ.