ಅರವತ್ತರ ಪಂಪಿಂಗ್

ನನ್ನ ಅಕ್ಕನ ಹೃದಯದ ಒಂದು ಕವಾಟ ಸೋರುತ್ತದೆ. ಚಿಕ್ಕಂದಿನಲ್ಲಿ ಬಂದಿದ್ದ ಕೀಲುನೋವಿನ ಜ್ವರ ಬಿಟ್ಟುಹೋದ ಬಳುವಳಿ ಅದು. ಉಗರಗೋಳಕ್ಕೆ ಕೊಟ್ಟ ಅವಳು ಗಂಡನ ಜೊತೆ ದೇವಿಯ ಗುಡ್ಡದ ದಾರಿಯಲ್ಲಿ ಬಳೆ, ಭಂಡಾರದ ಅರಿಶಿನಪುಡಿ ಮಾರುವ ಅಂಗಡಿ ನಡೆಸುತ್ತಾಳೆ. ವರ್ಷಕ್ಕೊಮ್ಮೆ ಎದೆಯ ಸ್ಕ್ಯಾನಿಂಗ್ ಆಗುತ್ತದೆ. ಆ ದಿನ ನಾನು ಬೈಲಹೊಂಗಲದಿಂದ ಫೋನ್ ಮಾಡಿದರೆ ಅಕ್ಕನ ಗಂಡ, ನನ್ನ ಮಾವ, ಪರೀಕ್ಷೆಯ ರಿಸಲ್ಟ್ ಬಂದವರ ಹಾಗೆ ಕೂಗುತ್ತಾರೆ: "ಪಂಪಿಂಗ್ ಅರವತ್ತ ಐತಿ! ಫಸ್ಟ್ ಕ್ಲಾಸ್!" ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ ಅದು.

ಯಾರಾದರೂ ಕವಾಟದ ಆಪರೇಷನ್ ಮಾತೆತ್ತಿದರೆ ಮಾವ ಈ ಅರವತ್ತನ್ನೇ ಅಡ್ಡ ಹಿಡಿಯುತ್ತಾರೆ. ಊರ ಮಂದಿಯೂ ಅಷ್ಟೇ, ಮಳೆ ಎಷ್ಟಾಯಿತು ಎಂದು ಕೇಳಿದಷ್ಟು ಸಲೀಸಾಗಿ ಪಂಪಿಂಗ್ ಎಷ್ಟು ಎಂದು ಕೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಫಸ್ಟ್ ಕ್ಲಾಸಿನವಳು ಅಂಗಡಿಯ ಮೆಟ್ಟಿಲು ಹತ್ತಿ ಬಾಗಿಲು ಹಿಡಿದು ಯಾಕೆ ನಿಲ್ಲುತ್ತಾಳೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಈ ಸಲ ಹಟ ಹಿಡಿದು ಇಬ್ಬರನ್ನೂ ಧಾರವಾಡಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ತಾವೇ ಸ್ಕ್ಯಾನಿಂಗ್ ಮಾಡಿ ಮಾವನಿಗೆ ಹೇಳಿದರು: "ಮೋಟರ್ ಜೋರ ನಡದೈತ್ರಿ. ಆದ್ರ ಪೈಪ್ ಒಡದು ಎತ್ತಿದ ನೀರು ವಾಪಸ್ ಬಾವ್ಯಾಗ ಬಿದ್ರ ಏನ್ ಉಪಯೋಗ? ನಿಮ್ಮ ಅರವತ್ತರೊಳಗ ಹಿಂದ ಹೋದ ರಕ್ತಾನೂ ಸೇರೇತಿ."

"ಹಂಗಾರ ಮುಂದ ಹೋಗೂದು ಎಷ್ಟ್ರಿ?" ಎಂದೆ.

ಅವರು ಎರಡು ರೀತಿಯಲ್ಲಿ ಅಳೆದಿದ್ದರು. ಒಂದಕ್ಕೊಂದು ತಾಳೆಯೇ ಇಲ್ಲ. ಕವಾಟ ಸೋರುವವರಲ್ಲಿ ಇದೆಲ್ಲ ಅಂದಾಜಿನ ಲೆಕ್ಕ, ರಕ್ತನಾಳದೊಳಗೆ ನಳಿಗೆ ಹಾಕಿ ಅಳೆದರೂ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ ಎಂದರು. ನನಗೆ ರೇಗಿತು. ಸವದತ್ತಿ ಸಂತೆಯಲ್ಲಿ ಬದನೆಕಾಯಿ ಮಾರುವವಳು ಇದಕ್ಕಿಂತ ಸರಿಯಾಗಿ ತೂಗುತ್ತಾಳೆ. ಇಷ್ಟು ದೊಡ್ಡ ಮಷಿನ್ ಇಟ್ಟುಕೊಂಡು ಅಂದಾಜು ಅಂದರೇನು? "ಯಾವುದನ್ನ ನಂಬಬೇಕ್ರಿ ನಾವು?" ಎಂದು ದನಿ ಏರಿಸಿಯೇ ಕೇಳಿದೆ.

ಡಾಕ್ಟರು ಸಿಟ್ಟಾಗಲಿಲ್ಲ. ಕುರ್ಚಿಯನ್ನು ಅಕ್ಕನ ಕಡೆ ತಿರುಗಿಸಿದರು. "ಅಕ್ಕಾರ, ಆಪರೇಷನ್ ಬೇಕೋ ಬ್ಯಾಡೋ ಅನ್ನೂದು ನಿಮ್ಮ ಮಾತಿನ ಮ್ಯಾಲ ಐತಿ. ಹೋದ ವರ್ಷ ಮಾಡ್ತಿದ್ದ ಯಾವ ಕೆಲಸ ಈ ವರ್ಷ ಬಿಟ್ಟೀರಿ?"

ಅಕ್ಕ ಸೆರಗು ಸರಿಮಾಡಿಕೊಂಡಳು. "ರೊಟ್ಟಿ ಬಡಿಯೂದು ಬಿಟ್ಟೇನ್ರಿ, ದಮ್ಮ ಹತ್ತತೈತಿ. ಇವರು ಅಂಗಡಿಗೆ ಹೋದ ಮ್ಯಾಲ ಬಾಜೂ ಮನಿಯಾಕಿ ಬಂದು ಬಡದ ಕೊಡತಾಳ. ಮೊಮ್ಮಗಳನ್ನ ಎತ್ತಕೊಳ್ಳೂದು ಬಿಟ್ಟೇನಿ. ಮಲಗೂದೂ ಬಿಟ್ಟಂಗ ಆಗೇತ್ರಿ. ಇವರಿಗೆ ನಿದ್ದಿ ಹತ್ತಿದ ಮ್ಯಾಲ ಎದ್ದು ಗ್ವಾಡಿಗೆ ಆನಿಕೊಂಡು ಕುಂದ್ರತೇನಿ."

ಮಾವನ ಮುಖ ಇಳಿದುಹೋಯಿತು. "ನನಗ ಯಾಕ ಹೇಳಲಿಲ್ಲ?"

"ನೀವೆಲ್ಲಾ ಕೇಳಿದ್ದು ಪಂಪಿಂಗ್ ಎಷ್ಟು ಅಂತ. ನೀ ಹೆಂಗದೀ ಅಂತ ಯಾರ ಕೇಳೀರಿ?" ಅಕ್ಕ ನನ್ನನ್ನೂ ಸೇರಿಸಿಯೇ ನೋಡಿದಳು.

ಆಮೇಲೆ ಅವಳು ನಮ್ಮಿಬ್ಬರಿಗೂ ಬೆನ್ನು ಮಾಡಿ ಕುಳಿತು ಡಾಕ್ಟರಿಗೆ ಹೇಳಿದಳು: "ಆಪರೇಷನ್ ಯಾವಾಗ ಮಾಡ್ತೀರಿ ಹೇಳ್ರಿ. ಇವರನ್ನೇನ ಕೇಳಬ್ಯಾಡ್ರಿ, ನಾ ಬರತೇನಿ."