ರಿಂಗ್ ಸಮೇತ ಬಂದ ಇಂಜೆಕ್ಟರುಗಳು

ಈಗಲೂ ಪೆಟ್ರೋಲ್ ಬಂಕಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಅಂದು ಧಾರೇಶ್ವರದ ಹತ್ತಿರ ಮೂಗಿಗೆ ಬಡಿದದ್ದು ಅದೇ ವಾಸನೆ.

ಭಾವನವರಿಗೆ ಹೊನ್ನಾವರದಲ್ಲಿ ಬೋಟ್ ಇಂಜಿನ್ ರಿಪೇರಿಯ ಕೆಲಸ. ತಮ್ಮ ಹಳೆಯ ಪೆಟ್ರೋಲ್ ಕಾರಿಗೆ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಜೋರು ಕೊಡುವ ಟರ್ಬೊವನ್ನು ತಾವೇ ಕೂರಿಸಿದ್ದರು. ನಾನು ಕಾಲೇಜಿನಲ್ಲಿದ್ದಾಗ ಭಾನುವಾರ ಬಂತೆಂದರೆ ಅಕ್ಕ, ಭಾವ, ನಾನು ಕುಮಟಾದಿಂದ ಭಟ್ಕಳದವರೆಗೆ ಸುಮ್ಮನೆ ಹೋಗಿ ಬರುತ್ತಿದ್ದೆವು. ಶರಾವತಿ ಸೇತುವೆಯ ಮೇಲೆ ಅವರು ಆಕ್ಸಿಲರೇಟರ್ ಒತ್ತಿದರೆ ಟರ್ಬೊ ಸಿಳ್ಳೆ ಹಾಕುತ್ತಿತ್ತು. ಅಕ್ಕ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ಕಾರು ನಿಂತೇ ಇತ್ತು. ಮಳೆ ಕಳೆದು ಚಾಲೂ ಮಾಡಿದರೆ ಇಂಜಿನ್ ನಡುಗತೊಡಗಿತು. ಪೆಟ್ರೋಲನ್ನು ಮಂಜಿನಂತೆ ಚಿಮ್ಮಿಸುವ ಇಂಜೆಕ್ಟರುಗಳಲ್ಲಿ ಒಂದು ಕಟ್ಟಿಕೊಂಡಿತ್ತು. ಭಾವ ಎಲ್ಲವನ್ನೂ ಬಿಚ್ಚಿ ತೊಳೆದರು. ಸೋರದಂತೆ ಹಿಡಿಯುವ ರಬ್ಬರ್ ರಿಂಗುಗಳು ಗಟ್ಟಿಯಾಗಿದ್ದವು. ಬೋಟಿನ ನೀರಿನ ಪೈಪಿಗೆ ಹಾಕುವ ರಿಂಗು ಡಬ್ಬಿಯಲ್ಲಿತ್ತು, ಅಳತೆಯೂ ಸರಿ ಕೂತಿತು. ಅದನ್ನೇ ಹಾಕಿದರು.

ರಿಪೇರಿ ಸರಿಯಾಯಿತೇ ನೋಡಲು ಹೊರಟ ದಿನ ಧಾರೇಶ್ವರದಲ್ಲಿ ವಾಸನೆ ಬಂತು; ಕಾರಿನಲ್ಲಿದ್ದದ್ದು ಭಾವ, ನಾನು ಇಬ್ಬರೇ. ಮುಂದೊಂದು ಟ್ಯಾಂಕರ್ ಹೋಗುತ್ತಿತ್ತು. ಅದರದೇ ಇರಬೇಕು ಅಂದುಕೊಂಡೆವು. ಟ್ಯಾಂಕರನ್ನು ಹಿಂದೆ ಹಾಕಿದೆವು. ವಾಸನೆ ನಮ್ಮ ಜೊತೆಗೇ ಬಂತು.

"ಇಳಿ ಮಾರಾಯ," ಎಂದರು ಭಾವ. ಕೀ ತಿರುಗಿಸಿ ಇಂಜಿನ್ ಆಗಲೇ ನಿಲ್ಲಿಸಿದ್ದರು, ಕಾರು ಇನ್ನೂ ಉರುಳುತ್ತಿತ್ತು. ದೂರ ನಿಂತು ಕಾದು, ಆಮೇಲೆ ಬಾನೆಟ್ ಎತ್ತಿದೆವು. ನೀರಿಗೆಂದೇ ಮಾಡಿದ ಆ ರಿಂಗುಗಳಲ್ಲೊಂದು ಪೆಟ್ರೋಲ್ ತಾಗಿ ಉಬ್ಬಿ ಸೀಳಿಹೋಗಿತ್ತು. ಅಲ್ಲಿಂದ ಸೋರಿದ್ದು ಟರ್ಬೊದ ಕಾದ ಪೈಪಿನವರೆಗೂ ಹರಿದಿತ್ತು. ಯಾಕೆ ಹತ್ತಿಕೊಳ್ಳಲಿಲ್ಲವೋ, ಗೊತ್ತಿಲ್ಲ. ನನ್ನ ತಲೆಯೊಳಗೆ ಮಾತ್ರ ಅದು ಪ್ರತಿಸಲವೂ ಹತ್ತಿಕೊಳ್ಳುತ್ತದೆ. ಅಕ್ಕನಿಗೆ ಗಾಡಿ ಬಂದ್ ಬಿತ್ತು ಅಂತಷ್ಟೇ ಹೇಳಿದೆವು. ಆಮೇಲೆ ನಾನು ಆ ಕಾರಿನಲ್ಲಿ ಕೂರಲಿಲ್ಲ. ಭಾವನೂ ಅದನ್ನು ಹೊರಗೆ ತೆಗೆಯಲಿಲ್ಲ.

ಕೆಲವು ತಿಂಗಳ ನಂತರ ಅವರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಎರಡು ಸೆಟ್ ಇಂಜೆಕ್ಟರುಗಳಿದ್ದವು. ಒಂದು, ಭಟ್ಕಳದ ಗೆಳೆಯರೊಬ್ಬರು ದುಬೈಯಿಂದ ತಂದುಕೊಟ್ಟದ್ದು. ಯಾವುದೋ ಜೋರಿನ ಕಾರಿನಿಂದ ಬಿಚ್ಚಿದ್ದು, ಹೆಚ್ಚು ಪೆಟ್ರೋಲ್ ಬಿಡುವಂಥದ್ದು, ಟರ್ಬೊವನ್ನು ಮೊದಲಿನಂತೆಯೇ ಓಡಿಸಬಹುದು. ಇನ್ನೊಂದು ಹೊಸದು, ಸಣ್ಣದು. ಅದನ್ನು ಹಾಕಿದರೆ ಟರ್ಬೊದ ಒತ್ತಡ ಇಳಿಸಲೇಬೇಕು, ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಸುಟ್ಟುಹೋಗುತ್ತದೆ ಎಂದರು. ಅಂದರೆ ಸಿಳ್ಳೆ ಹೋದಂತೆಯೇ.

"ನೀ ಕೂರೂದಾದ್ರೆ ಮಾತ್ರ ಹಾಕ್ತೆ. ಯಾವ್ದು, ಹೇಳು."

ಆ ಸಿಳ್ಳೆ ನನಗೂ ಬೇಕಿತ್ತು. ದೊಡ್ಡದನ್ನು ಕೈಯಲ್ಲಿ ಹಿಡಿದು ನೋಡಿದೆ, ರಿಂಗು ಇರಬೇಕಾದ ಜಾಗ ಖಾಲಿ. ಸಣ್ಣದರ ಪೊಟ್ಟಣದಲ್ಲಿ ಅದರದೇ ರಿಂಗುಗಳಿದ್ದವು. ಪೊಟ್ಟಣವನ್ನು ಅವರ ಕಡೆ ಸರಿಸಿದೆ.

"ರಿಂಗ್ ನೋಡಿ ಇಂಜೆಕ್ಟರ್ ತಕಂಡವ ನೀನೊಬ್ನೇ," ಎಂದು ನಕ್ಕರು. ಆದರೆ ತಡಮಾಡದೆ ಅದನ್ನೇ ಒಡೆದರು.

ಕೂರಿಸಿಯಾದ ಮೇಲೆ ಇಂಜಿನ್ ಚಾಲೂ ಮಾಡದೆ, ಪೆಟ್ರೋಲ್ ತಳ್ಳುವ ಪಂಪ್ ಮಾತ್ರ ಓಡಿಸಿದರು. ಒಂದೊಂದರ ಬುಡದಲ್ಲೂ ನಾನೇ ಬೆರಳಾಡಿಸಿದೆ. ಒಣಗಿಯೇ ಇತ್ತು.

ಮುಂದಿನ ಭಾನುವಾರ ಮೂವರೂ ಹೊರಟೆವು. ಧಾರೇಶ್ವರ ಬರುತ್ತಲೇ ಭಾವನೂ ನಾನೂ ಕಿಟಕಿಯ ಗಾಜು ಇಳಿಸಿದೆವು. ಹಿಂದಿನ ಸೀಟಿನಿಂದ ಅಕ್ಕ ಕೇಳಿದಳು, "ಎಂತ, ಇಬ್ರೂ ನಾಯಿ ಹಾಂಗೆ ಮೂಸ್ತಾ ಇದ್ರಿ?"

ಒಣಮೀನಿನ ವಾಸನೆ ಬಂತು, ಸಮುದ್ರದ ಗಾಳಿ ಬಂತು. ಬೇರೇನೂ ಇರಲಿಲ್ಲ. ಸೇತುವೆಯ ಮೇಲೆ ಭಾವ ಆಕ್ಸಿಲರೇಟರ್ ಒತ್ತಿದರು. ಸಿಳ್ಳೆ ಕೇಳಲಿಲ್ಲ. ಅಕ್ಕ ಮಾತ್ರ ಹಳೆಯ ರೂಢಿಯಲ್ಲಿ ಕಿವಿ ಮುಚ್ಚಿಕೊಂಡಿದ್ದಳು.