ರುಚಿ ನೋಡಿದ್ದು ಊಟವಲ್ಲ

ನನ್ನ ಹೊಟ್ಟೆಯೊಳಗೆ ಒಂದು ಸಂಚಿ ಇದೆ. ಆ ಹೆಸರಿಟ್ಟವಳು ನನ್ನ ಸೋದರತ್ತೆ. ಡಾಕ್ಟರು ಅದಕ್ಕೆ ಉದ್ದದ ಇಂಗ್ಲಿಷ್ ಹೆಸರು ಹೇಳಿದ್ದರು. ಅತ್ತೆ ಅದನ್ನು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಸಂಚಿ ಅಲ್ವಾ ಮಾರಾಯ? ಅದಕ್ಕೆ ಅಷ್ಟು ಉದ್ದ ಎಂತಕ್ಕೆ?" ಎಂದು ತನ್ನ ಸೊಂಟದ ಎಲೆಯಡಿಕೆ ಸಂಚಿಯನ್ನು ತಟ್ಟಿ ತೋರಿಸಿದಳು. ಅವತ್ತಿನಿಂದ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ.

ನನ್ನ ದೊಡ್ಡ ಕರುಳು ಹುಣ್ಣು ಬಿದ್ದು ಕೆಟ್ಟುಹೋಗಿತ್ತು, ತೆಗೆದುಹಾಕಿದರು. ಸಣ್ಣ ಕರುಳಿನ ತುದಿಯನ್ನು ಮಡಿಚಿ ಹೊಲಿದು ಹೊಟ್ಟೆಯ ಒಳಗೇ ಒಂದು ಚೀಲ ಮಾಡಿ, ಅದರ ಬಾಯಿಗೆ ಕರುಳಿನದೇ ಒಂದು ಮುಚ್ಚಳ ಕೂರಿಸಿ, ಹೊಕ್ಕುಳಿನ ಬಲಕ್ಕೆ ಸ್ವಲ್ಪ ಕೆಳಗೆ ಒಂದು ಸಣ್ಣ ಬಾಯಿ ಬಿಟ್ಟರು. ಹೊರಗೆ ಬ್ಯಾಗ್ ಕಟ್ಟಿಕೊಳ್ಳುವ ರಗಳೆ ಇಲ್ಲ. ದಿನಕ್ಕೆ ನಾಲ್ಕೈದು ಸಲ ಸಂಡಾಸಿಗೆ ಹೋಗಿ ಆ ಬಾಯಿಯೊಳಗೆ ಒಂದು ನಳಿಕೆ ಇಳಿಸಿ ಖಾಲಿ ಮಾಡಿ, ಮೇಲೊಂದು ಹತ್ತಿಯ ಪ್ಯಾಡ್ ಅಂಟಿಸಿಕೊಂಡರೆ ಮುಗಿಯಿತು. ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ಗರ್ದಿಯಲ್ಲಿ ಚಪಾತಿಯ ಹಾಗೆ ಚಪ್ಪಟೆಯಾದರೂ ಒಂದು ತೊಟ್ಟು ಹೊರಗೆ ಬರುತ್ತಿರಲಿಲ್ಲ. ಹಗಲಿಡೀ ನನ್ನ ಸಂಚಿಯಷ್ಟು ಸಭ್ಯರು ನಮ್ಮ ಸೊಸೈಟಿಯಲ್ಲಿ ಯಾರೂ ಇರಲಿಲ್ಲ.

ರಾತ್ರಿ ಮಾತ್ರ ಅದಕ್ಕೆ ಏನೋ ಆಗುತ್ತಿತ್ತು.

ಮೊದಲ ಸಲ ಸೋರಿದ್ದು ನನ್ನ ಹೆಂಡತಿಯ ಕೌದಿಯ ಮೇಲೆ. ಅವಳು ಧಾರವಾಡದವಳು, ನಾನು ಇಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವನು. ಹಳೆಯ ಇಳಕಲ್ ಸೀರೆಗಳ ತುಂಡು ಸೇರಿಸಿ ಅವಳ ಅವ್ವ ಹೊಲಿದುಕೊಟ್ಟ ಕೌದಿ ಅದು. ಬೆಳಿಗ್ಗೆ ಎದ್ದು ನೋಡಿದರೆ ನಡುವೆ ಒಂದು ಹಳದಿ ಭೂಪಟ. ಅವತ್ತು ಸಂಜೆಯೇ ನಾನು ದಿಂಬು ಎತ್ತಿಕೊಂಡು ಹಾಲ್‌ನಲ್ಲಿದ್ದ ದಿವಾನದ ಮೇಲೆ ಬಿಡಾರ ಹೂಡಿದೆ.

"ಕೌದಿ ತೊಳೀಲಿಕ್ಕೆ ಬರ್ತದ," ಎಂದಳು ಅವಳು ಬಾಗಿಲಲ್ಲಿ ನಿಂತು. "ನಿಮ್ಮನ್ನ ಅಲ್ಲಿಂದ ಎಬ್ಬಿಸಿ ತರೂದು ನನ್ನ ಕೈಲೆ ಆಗಂಗಿಲ್ಲ ನೋಡ್ರಿ."

"ಸೋರುವುದು ನಿಂತ ಮೇಲೆ ಬರ್ತೇನೆ."

"ನಳ ಏನ್ರಿ ಅದು, ವಾಶರ್ ಹಾಕಿದ್ರ ನಿಲ್ಲಲಿಕ್ಕೆ?"

ಘಣಸೋಲಿಯಲ್ಲಿರುವ ಮಗಳಿಗೆ ಸುದ್ದಿ ಹೋಯಿತು. ಅವಳಿಗೆ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಬರುತ್ತದೆ. "ಪಪ್ಪಾ, ಟೆನ್ಶನ್ ಮತ್ ಲೋ, ಮೈ ಭೇಜ್ತೀ ಹೂಂ," ಎಂದು ನೀರು ಇಳಿಯದ ಒಂದು ಹಾಸು ಕಳಿಸಿದಳು. ಗಾದಿ ಉಳಿಯಿತು, ನಿಜ. ಆದರೆ ಅದರ ಮೇಲೆ ಮಗ್ಗುಲು ಬದಲಿಸಿದರೆ ವೇಫರ್ಸ್ ಪ್ಯಾಕೆಟ್ಟಿನ ಮೇಲೆ ಹೊರಳಾಡಿದ ಹಾಗೆ ಸದ್ದು.

ಕಡೆಗೆ ಥಾಣೆಯ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು, ರಾತ್ರಿ ಊಟ ಎಷ್ಟು ಹೊತ್ತಿಗೆ? ಹೋಟೆಲಿನವನಿಗೆ ಇದೆಂಥ ಪ್ರಶ್ನೆ! ಶಟರ್ ಎಳೆದ ಮೇಲೆ. ಗಿರಾಕಿ ಕೂತಿರುವಾಗ ಗಲ್ಲಾದಲ್ಲಿರುವವನು ಎಲೆಗೆ ಕೈ ಹಾಕಬಾರದು ಎನ್ನುವುದು ನಮ್ಮ ಅಪ್ಪ ಹಾಕಿಕೊಟ್ಟ ಶಿಸ್ತು, ನಾವು ಹುಟ್ಟಿನಿಂದ ಹನ್ನೊಂದರ ಊಟದವರು. ಡಾಕ್ಟರು ತಲೆ ಅಲ್ಲಾಡಿಸಿದರು. ತಡವಾಗಿ ಉಂಡರೆ ನಿದ್ದೆಯಲ್ಲಿ ಸಂಚಿ ತುಂಬಿ ಉಬ್ಬುತ್ತದೆ, ಉಬ್ಬಿದರೆ ಮುಚ್ಚಳ ತಡೆಯುವುದಿಲ್ಲ. ಏಳರೊಳಗೆ ಊಟ ಮುಗಿಸಿ, ಮಲಗುವ ಮುಂಚೆ ಖಾಲಿ ಮಾಡಿ, ಅಲಾರಂ ಇಟ್ಟು ನಡುವೆ ಒಮ್ಮೆ ಎದ್ದು ಮತ್ತೆ ಖಾಲಿ ಮಾಡಿ ಎಂದರು.

ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದೆ. ಏಳಕ್ಕೆ ಮುಂಚೆ ಒಲೆಯ ಪಕ್ಕದ ಸ್ಟೂಲಿನಲ್ಲಿ ಗಿರಾಕಿಗೆ ಕಾಣದ ಹಾಗೆ ಕೂತು, ಕದ್ದು ತಿನ್ನುವವನ ಹಾಗೆ ಮೃದುವಾದ ಅನ್ನ ತಿಳಿಸಾರು ಉಂಡೆ. ಮಲಗುವ ಮೊದಲು ಖಾಲಿ, ಅಲಾರಂ ಹೊಡೆದಾಗ ಖಾಲಿ. ಆದರೂ ಬೆಳಗಾದರೆ ಪ್ಯಾಡ್ ಒದ್ದೆ, ಬನಿಯನ್ ಒದ್ದೆ.

ಎರಡನೇ ಸಲ ಹೋದಾಗ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಊಟದ ಹೊತ್ತು ಸರಿ ಇದ್ದೂ ಸೋರುತ್ತದೆ ಅಂದರೆ ಮುಚ್ಚಳವೇ ಜಾರಿರಬಹುದು. ಸಂಚಿಯೊಳಗೆ ದುರ್ಬೀನಿನ ನಳಿಕೆ ಇಳಿಸಿ ನೋಡೋಣ. ಜಾರಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕಾಗುತ್ತದೆ," ಎಂದು ಮುಂದಿನ ತಿಂಗಳಿಗೆ ದಿನ ಕೊಟ್ಟರು. ಒಮ್ಮೆ ಆ ಮೇಜಿನ ಮೇಲೆ ಮಲಗಿದವನಿಗೆ ಗೊತ್ತು ಅದು ಏನೆಂದು. ವಾಪಸು ಬರುವಾಗ ಗಾಡಿಯಲ್ಲಿ ಹೆಂಡತಿ ಕಿಟಕಿಯ ಹೊರಗೆ ನೋಡುತ್ತಾ ಎರಡು ಸಲ ಅಂದಳು, "ಏಳಕ್ಕ ಅಷ್ಟೇ ಅಷ್ಟು ಉಂಡಿದ್ದು, ರಾತ್ರಿ ಇಷ್ಟು ಸೋರೂದು ಹೆಂಗ?"

ಮರುದಿನ ರಾತ್ರಿ ಹೋಟೆಲು ಮುಚ್ಚುವ ಹೊತ್ತಿಗೆ ಸರಿಯಾಗಿ ಅವಳು ಬಂದಳು. ಗಲ್ಲಾದ ಎದುರಿನ ಮೇಜಿನಲ್ಲಿ ಗಿರಾಕಿಯ ಹಾಗೆ ಕೂತಳು. ಶಟರ್ ಅರ್ಧಕ್ಕೆ ಇಳಿಯಿತು. ಉಳಿದದ್ದರಲ್ಲಿ ಯಾವುದನ್ನು ಇಡುವುದು, ಯಾವುದನ್ನು ಚೆಲ್ಲುವುದು ಎಂದು ರುಚಿ ನೋಡಿ ಹೇಳುವವನು ನಾನು. ಇಷ್ಟು ವರ್ಷ ಆ ಕೆಲಸ ಇನ್ನೊಬ್ಬರ ನಾಲಿಗೆಗೆ ಬಿಟ್ಟುಕೊಟ್ಟವನಲ್ಲ. ಅಡಿಗೆಯ ಭಟ್ಟರು ಎಂದಿನಂತೆ ಸಾಂಬಾರಿನ ಬಟ್ಟಲು ತಂದರು.

"ಭಟ್ರೇ, ನನಗೊಂದು ಖಾಲಿ ತಾಟು ಕೊಡ್ರಿ. ಅವರಿಗೆ ಏನೇನು ಕೊಡ್ತೀರಿ, ಅಷ್ಟಷ್ಟೇ ಇದರಾಗೂ ಹಾಕ್ರಿ."

"ಇದು ಬರೀ ರುಚಿ ನೋಡ್ಲಿಕ್ಕೆ ಅಮ್ಮ."

"ಹೌದಲ್ರಿ, ನಾನೂ ನೋಡ್ತೇನಿ."

ನಾನು ಲೆಕ್ಕ ನೋಡುವ ಗಡಿಬಿಡಿಯಲ್ಲಿದ್ದೆ. ಸಾಂಬಾರು ಬಂತು, ಬಟ್ಟಲು ಖಾಲಿ ಮಾಡದೆ ಹುಳಿ ತಿಳಿಯುವುದು ಹೇಗೆ? ಸಾಂಬಾರು ನೋಡಲು ಅರ್ಧ ವಡೆ. ಆಮೇಲೆ ಪಲ್ಯ. ಸಾರು ಒಂದು ಲೋಟ. ಚಿತ್ರಾನ್ನ ಎರಡು ತುತ್ತು, ಸಂಶಯ ಬಂದು ಇನ್ನೆರಡು. ಶೀರಾ ಒಂದು ಚಮಚ, ಅದರ ದ್ರಾಕ್ಷಿ ಸಿಗಲಿಲ್ಲವೆಂದು ಇನ್ನೊಂದು. ಖಾರ ಇಳಿಯಲು ಮೊಸರನ್ನ. ಕಡೆಗೆ ಮಜ್ಜಿಗೆ. ಹೀಗೆ ನೋಡಿ ನೋಡಿ ಕೈ ಒರೆಸಿಕೊಳ್ಳುವಾಗ ಹೆಂಡತಿ ಎದ್ದು ಬಂದು ತುಂಬಿದ ತಾಟನ್ನು ನನ್ನ ಮುಂದೆ ಇಟ್ಟಳು.

"ನಿಮ್ಮ ಹೋಟೆಲ್‌ನಾಗ ಇದಕ್ಕ ಏನಂತ ಬಿಲ್ ಮಾಡ್ತೀರಿ?"

ನಾನು ನೋಡಿದೆ. ಗಲ್ಲಾದಲ್ಲಿ ಕೂತು ಊಟದ ಗಿರಾಕಿಗೆಂದು ಸಾವಿರ ಸಲ ಕೂಗಿದ ಹೆಸರು, ನಾಲಿಗೆ ತಾನೇ ಹೇಳಿತು. "ರೈಸ್ ಪ್ಲೇಟ್."

ಭಟ್ಟರು ಬಗ್ಗಿ ನೋಡಿ ತಿದ್ದಿದರು. "ಶೀರಾ ಉಂಟಲ್ಲ ಯಜಮಾನ್ರೆ. ಸ್ಪೆಷಲ್ ರೈಸ್ ಪ್ಲೇಟ್."

"ಡಾಕ್ಟರಿಗೆ ಮತ್ತ ಏನಂತ ಹೇಳಿದ್ರಿ? ಏಳಕ್ಕ ಊಟ ಮುಗಿಸ್ತೇನಿ ಅಂತ?"

"ಸುಳ್ಳು ಹೇಳಲಿಲ್ಲ. ಇದು ಊಟ ಅಂತ ನನಗೆ ಅನ್ನಿಸಲೇ ಇಲ್ಲ ಮಾರಾಯ್ತಿ!"

"ಸಂಚಿಗೆ ಅನ್ನಿಸ್ಯದಲ್ಲ."

ನಾಳೆಯಿಂದ ನಾಲಿಗೆ ಯಾರದ್ದು ಎಂದು ಭಟ್ಟರು ಕೇಳಿದರು. ಅವಳು ತಾಟಿನ ವಡೆಯನ್ನು ಸಾಂಬಾರಿಗೆ ಅದ್ದಿ ಕಚ್ಚಿ, "ಬೆಲ್ಲ ಭಾಳ ಆಗ್ಯದ," ಎಂದಳು. ನೇಮಕ ಆಯಿತು.

ವಾರದೊಳಗೆ ನಮ್ಮ ಸಾಂಬಾರು ಧಾರವಾಡ ಸೇರಿತು. ದಿನಾ ಬರುವ ಒಬ್ಬ ಶಹಾಡಿನ ಫ್ಯಾಕ್ಟರಿಯವರು ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ, "ಅಣ್ಣಾ, ಸಾಂಬಾರ್ ತಿಖಟ್ ಝಾಲಾ," ಎಂದರು. ಒಳಗಿನ ಆರ್ಡರ್ ಎಂದು ನಾನು ಅಡಿಗೆಮನೆಯ ಕಡೆ ಕಣ್ಣು ತೋರಿಸಿದೆ. ಅವರು ಇನ್ನೊಂದು ಬಟ್ಟಲು ತರಿಸಿಕೊಂಡರು, ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಪ್ಯಾಡ್ ಮಾತ್ರ ಒಣಗಿರತೊಡಗಿತು. ಮೊದಲು ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ಬಹುತೇಕ ದಿನ. ಆದರೂ ದುರ್ಬೀನಿನ ದಿನ ಹತ್ತಿರ ಬಂದಂತೆ ನನ್ನ ಧೈರ್ಯ ಕರಗುತ್ತಾ ಬಂತು. ಒಣಗಿದ್ದು ನಾಲ್ಕು ದಿನದ ಮಾತಾಗಿ, ಒಳಗೆ ಮುಚ್ಚಳ ಜಾರಿಯೇ ಇದ್ದರೆ?

ಥಾಣೆಯಲ್ಲಿ ಡಾಕ್ಟರು ಒಳಗೆಲ್ಲ ನೋಡಿ, ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದರು. "ಮುಚ್ಚಳ ಕೂರಿಸಿದ ಜಾಗದಲ್ಲೇ ಇದೆ. ಕೊಯ್ಯುವುದೇನಿಲ್ಲ. ಏನು ಬದಲಾಯಿಸಿದಿರಿ?"

"ನಾಲಿಗಿ ಬದಲಾಸೀವ್ರಿ," ಎಂದಳು ಹೆಂಡತಿ.

"ಒಂದೇ ಚಮಚ ಆದರೆ..." ಎಂದು ನಾನು ಶುರುಮಾಡಿದೆ. ಡಾಕ್ಟರು ಅವಳ ಮುಖ ನೋಡಿದರು. ಅವಳು ಫೈಲು ಎತ್ತಿಕೊಂಡು ಎದ್ದಳು.

ಥಾಣೆಯಿಂದಲೇ ಹೊರಡುವ ಲೋಕಲ್ ಕಾದು ಹಿಡಿದದ್ದರಿಂದ ಕೂರಲು ಜಾಗ ಸಿಕ್ಕಿತು. ಗಾಡಿ ಹೊರಟ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ದಿವಾನದ ಮ್ಯಾಲ ನೀವು ಹೊರಳಿದಾಗೆಲ್ಲ ಆ ಹಾಸು ಸಪ್ಪಳ ಮಾಡ್ತಿತ್ತಲ್ರಿ, ಪ್ರತಿ ಸಪ್ಪಳಕ್ಕ ನನಗ ಎಚ್ಚರ. ಮತ್ತ ಕೊಯ್ತಾರೇನೋ ಅಂತ ಒಂದು ರಾತ್ರಿ ಸರಿ ಮಲಗಿಲ್ಲ," ಎಂದಳು. ದಿವಾ ಸ್ಟೇಷನ್ ಬರುವಷ್ಟರಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ಹಗುರ ನಿದ್ದೆಯಲ್ಲ, ಬಾಯಿ ತೆರೆದು ಗೊರಕೆ ಹೊಡೆಯುವ ನಿದ್ದೆ. ಎದುರಿನವರು ನಕ್ಕರು, ನಕ್ಕುಕೊಳ್ಳಲಿ.

ನಾವು ಇಳಿಯಬೇಕಾದ ಡೊಂಬಿವಲಿ ಬಂತು. ಅರ್ಧ ಗಾಡಿ ಇಳಿಯಿತು. ನಾನು ಎಬ್ಬಿಸಲಿಲ್ಲ.

ಕಲ್ಯಾಣದಲ್ಲಿ ಎಚ್ಚರಾಗಿ ಬೋರ್ಡು ನೋಡಿದವಳೇ ನನ್ನ ತೊಡೆಗೊಂದು ಗುದ್ದಿದಳು. "ಏಳಾಗ್ಲಿಕ್ಕೆ ಬಂತು! ನಿಮ್ಮ ಊಟ?" ಎಂದು ಪ್ಲಾಟ್‌ಫಾರ್ಮಿನ ಸ್ಟಾಲಿಗೆ ಎಳೆದೊಯ್ದು ಒಂದು ಪ್ಲೇಟ್ ಇಡ್ಲಿ ಕೈಗಿಟ್ಟಳು. ಬೇರೆಯವರ ಇಡ್ಲಿ ನಾನು ಮುಟ್ಟಿದವನೇ ಅಲ್ಲ.

"ಮಾರಿ ಸೊಟ್ಟ ಮಾಡಬ್ಯಾಡ್ರಿ. ಛಲೋತ್ನಂಗ ಅಗದು ನುಂಗ್ರಿ."

ನುಂಗಿದೆ.